ರಾತ್ರಿ ಫೈಲ್ ತೆರೆಯುವ ಚಟ ಬಿಡುವುದು ಹೇಗೆ? (ಐದು ಜನರ ಡಿಸೈನ್ ಸ್ಟುಡಿಯೋ)

ಮೈಸೂರು ಸ್ಟುಡಿಯೋ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಒಂದು ಸಣ್ಣ ಡಿಸೈನ್ ಸ್ಟುಡಿಯೋ ನಡೆಸುತ್ತಿದ್ದೇನೆ. ಆರು ವರ್ಷ ಆಯಿತು. ನಾನೂ ಸೇರಿ ಐದು ಜನ. ಅಗರಬತ್ತಿ ಡಬ್ಬಿ, ಚಟ್ನಿಪುಡಿ ಲೇಬಲ್, ಹೋಮ್‌ಸ್ಟೇ ಬೋರ್ಡು, ಸೀಸನ್‌ನಲ್ಲಿ ಮದುವೆ ಕಾರ್ಡು. ಕೆಲಸಕ್ಕೆ ಬರವಿಲ್ಲ. ಆದರೆ ಮೂರು ವರ್ಷದಿಂದ ಅಲ್ಲೇ ನಿಂತಿದ್ದೇವೆ. ಹೊಸಬರು ಸೇರುತ್ತಾರೆ, ಒಂದೂವರೆ ವರ್ಷಕ್ಕೆ ಬಿಡುತ್ತಾರೆ, ಮತ್ತೆ ಅ ಆ ಇ ಈಯಿಂದ ಕಲಿಸಬೇಕು. ಸಂಬಳ ಸಾಲದೆ ಹೋಗುತ್ತಾರೆ ಅಂದುಕೊಂಡಿದ್ದೆ.

ಹೋದ ತಿಂಗಳು ಒಂದು ಘಟನೆ ಆಯಿತು. ಮಾವಿನ ಉಪ್ಪಿನಕಾಯಿ ಲೇಬಲ್. ನಮ್ಮ ಹುಡುಗ ಮಾಡಿದ್ದ. ಗಿರಾಕಿ ನೋಡಿ ಓಕೆ ಅಂದಿದ್ದರು. ಬೆಳಿಗ್ಗೆ ಪ್ರೆಸ್‌ಗೆ ಹೋಗಬೇಕಿತ್ತು. ರಾತ್ರಿ ಹನ್ನೊಂದಕ್ಕೆ ನನಗೆ ನಿದ್ದೆ ಬರಲಿಲ್ಲ. ‘ಉಪ್ಪಿನಕಾಯಿ’ಯಲ್ಲಿ ‘ಪ್ಪಿ’ಗೂ ‘ನ’ಗೂ ನಡುವೆ ಜಾಗ ಜಾಸ್ತಿ ಆಯ್ತೇನೋ ಅಂತ ಒಂದೇ ಯೋಚನೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಫೈಲ್ ತೆರೆದೆ, ಕೂದಲೆಳೆಯಷ್ಟು ಸರಿಸಿದೆ, ನಾನೇ ಪ್ರೆಸ್‌ಗೆ ಕಳಿಸಿಬಿಟ್ಟೆ.

ನಾನು ತೆರೆದದ್ದು ಎರಡು ದಿನ ಹಳೆಯ ಫೈಲು. ಅದರಲ್ಲಿ ಎಫ್‌ಎಸ್‌ಎಸ್‌ಎಐ ನಂಬರು (ಆಹಾರ ಮಾರುವವರ ಲೈಸೆನ್ಸ್ ನಂಬರು) 14 ಅಂಕಿ ಇರಬೇಕಾದ ಕಡೆ 13 ಇತ್ತು. ಹುಡುಗ ಅದನ್ನು ಕಂಡುಹಿಡಿದು ಹೊಸ ಫೈಲಿನಲ್ಲಿ ಸರಿ ಮಾಡಿಟ್ಟಿದ್ದ. 5,000 ಲೇಬಲ್ ಅಚ್ಚಾಗಿ ಬಂತು. ಬಂಡಲ್ ಬಿಚ್ಚಿ ಅವನು ಬೆರಳಿಟ್ಟು ಅಂಕಿ ಎಣಿಸಿದ. ಇನ್ನೊಂದು ಸಲ ಎಣಿಸಿದ. ಆಮೇಲೆ ಕೇಳಿದ: "ಹೇಗೂ ನೀವು ರಾತ್ರಿ ಬದಲಾಯಿಸ್ತೀರಲ್ಲ ಮೇಡಂ, ಇನ್ನು ಮೇಲೆ ನಾನು ನಂಬರ್ ಚೆಕ್ ಮಾಡಬೇಕಾ, ಬೇಡ್ವಾ?"

ಕೊಂಕು ಅಲ್ಲ. ನಿಜವಾಗಿಯೇ ಕೇಳಿದ. ಅದೇ ನನಗೆ ಚುಚ್ಚಿದ್ದು. ಮರುಮುದ್ರಣದ ದುಡ್ಡು ನನ್ನ ಕೈಯಿಂದ ಹೋಯಿತು, ಅದು ಹೋಗಲಿ. ಸಣ್ಣ ತಂಡ ನಡೆಸಿ ಬೆಳೆಸಿದವರು ಇಲ್ಲಿದ್ದೀರಿ. ನೀವು ಏನು ರೂಢಿ ಮಾಡಿಕೊಂಡಿರಿ? ಪುಸ್ತಕದ ಮಾತು ಬೇಡ, ದಿನಾ ಮಾಡುವುದನ್ನು ಹೇಳಿ.

ಹಳೇ ಅಚ್ಚುಮೊಳೆ

ನೋಡ್ರಿ ತಂಗಿ, ನಾನು ಗದಗಿನವನು. ಡಿಸೈನರ್ ಅಲ್ಲ, ಪ್ರೆಸ್ಸಿನವನು. ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಿಂದ ಈ ಧಂದೆಯಲ್ಲಿ ಇದ್ದೇನೆ. ನಿಮ್ಮ ಕಥೆ ಓದಿ ನಗು ಬಂತು, ಬೇಜಾರಾಗಬೇಡಿ.

ಆಗ ಅಚ್ಚುಮೊಳೆ ಜೋಡಿಸುವ ಕಂಪೋಸಿಟರ್ ಒಬ್ಬ, ಪ್ರೂಫ್ ನೋಡುವವನು ಇನ್ನೊಬ್ಬ, ಮಷಿನ್ ಮ್ಯಾನ್ ಮತ್ತೊಬ್ಬ. ತಪ್ಪು ನೋಡಲು ಮೊದಲು ಒಂದು ಅಚ್ಚು (ಗ್ಯಾಲಿ ಪ್ರೂಫ್) ಎತ್ತಿ, ಕೆಂಪು ಶಾಯಿಯಲ್ಲಿ ತಿದ್ದಿ, ಗಿರಾಕಿ ಸಹಿ ಹಾಕಿದ ಮೇಲೆ ಆ ಕಾಗದ ಮಷಿನ್ ಪಕ್ಕದ ಗೋಡೆಯ ಮೊಳೆಗೆ ನೇತುಬೀಳುತ್ತಿತ್ತು. ಸಹಿ ಬಿದ್ದ ಮೇಲೆ ಮಾಲೀಕನೂ ಮುಟ್ಟುವಂತಿರಲಿಲ್ಲ. ಮರ್ಯಾದೆಯ ಮಾತಲ್ಲ ಅದು. ಚೇಸು ಅಂದರೆ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದ ಮೇಲೆ ಒಂದು ಅಚ್ಚುಮೊಳೆ ಎತ್ತಿದರೆ ಇಡೀ ಸಾಲು ಸಡಿಲಾಗುತ್ತದೆ. ಕನ್ನಡದ ಒತ್ತುಗಳ ಮೊಳೆ ಬೇರೆ ಸಣ್ಣವು, ಒಂದು ಬಿದ್ದರೆ ಹುಡುಕಲು ಅರ್ಧ ದಿನ. ನಮ್ಮ ಮಾಲೀಕರಿಗೂ ನಿಮ್ಮ ಹಾಗೆಯೇ ಕೈ ತುರಿಕೆ ಇತ್ತು. ಸೀಸ ಅವರನ್ನು ತಡೆಯಿತು. ಕಂಪ್ಯೂಟರ್ ಯಾರನ್ನೂ ತಡೆಯುವುದಿಲ್ಲ, ಅದೇ ಬಂದ ತೊಂದರೆ.

ಒಂದು ಕೆಲಸ ಮಾಡಿ. ಪ್ರಿಂಟ್ ತೆಗೆದು ಸಹಿ ಹಾಕಿಸಿ. ವಾಟ್ಸಾಪಿನ ಹೆಬ್ಬೆಟ್ಟು ಸಹಿ ಅಲ್ಲ. ಗಿರಾಕಿಯ ಸಹಿ, ಕೆಲಸ ಮಾಡಿದವನ ಸಹಿ. ನಿಮ್ಮ ಸಹಿ ಬೇಡ. ನಿಮ್ಮ ಸಹಿ ಇದ್ದರೆ ಉಳಿದಿಬ್ಬರೂ ಕಣ್ಣು ಮುಚ್ಚಿ ಹಾಕುತ್ತಾರೆ.

ಗಾಂಧಿಬಜಾರ್ ಬೋರ್ಡು

ಅಣ್ಣನ ಮಾತು ನೂರಕ್ಕೆ ನೂರು ನಿಜ. ಕೊನೆಯ ಸಾಲು ಮಾತ್ರ ಒಪ್ಪಲು ಕಷ್ಟ, ಆದರೂ ನಿಜ.

ನಾನು ಬೆಂಗಳೂರಿನಲ್ಲಿ. ಮೂರು ಜನರಿಂದ ಹನ್ನೆರಡಕ್ಕೆ ಬಂದಿದ್ದೇವೆ. ಮೇಡಂ, ನಿಮ್ಮ ಚಟ ನನಗೂ ಇತ್ತು. ಹುಡುಗಿಯ ಹಿಂದೆ ಹೋಗಿ ನಿಲ್ಲುತ್ತಿದ್ದೆ, "ಒಂದ್ನಿಮಿಷ, ಕೊಡು ಇಲ್ಲಿ" ಅಂತ ಮೌಸ್ ತೆಗೆದುಕೊಳ್ಳುತ್ತಿದ್ದೆ. ಒಂದ್ನಿಮಿಷ ನಲವತ್ತು ನಿಮಿಷ ಆಗುತ್ತಿತ್ತು. ಅವಳು ಎದ್ದು ಟೀ ಕುಡಿಯಲು ಹೋಗುತ್ತಿದ್ದಳು. ವಾಪಸ್ ಬಂದಾಗ ಅದು ಅವಳ ಕೆಲಸ ಆಗಿರುತ್ತಿರಲಿಲ್ಲ.

ಈಗ ನಾನು ಸ್ಕ್ರೀನ್ ಮೇಲೆ ಏನನ್ನೂ ನೋಡುವುದಿಲ್ಲ. ಪ್ರಿಂಟ್ ಕೊಡಿ ಅನ್ನುತ್ತೇನೆ. ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ಹೇಗೆ ಸರಿ ಮಾಡಬೇಕು ಅಂತ ಬರೆಯುವುದಿಲ್ಲ, ಎಲ್ಲಿ ಕಣ್ಣು ಎಡವಿತು ಅಂತ ಮಾತ್ರ. "ಬೆಲೆ ಎಲ್ಲಿದೆ ಅಂತ ಹುಡುಕಬೇಕಾಯ್ತು." ಇಷ್ಟೇ. ಹೇಗೆ ಅನ್ನುವುದು ಅವರ ತಲೆನೋವು. ಬರುವ ಉತ್ತರ ನನ್ನದಕ್ಕಿಂತ ಎಷ್ಟೋ ಸಲ ಚೆನ್ನಾಗಿರುತ್ತದೆ. ಕೆಲವು ಸಲ ಚೆನ್ನಾಗಿರುವುದಿಲ್ಲ, ಆಗ ಹಲ್ಲು ಕಚ್ಚಿಕೊಂಡು ಸುಮ್ನಿರಬೇಕು. ಇದನ್ನು ಯಾರೂ ಹೇಳುವುದಿಲ್ಲ ನೋಡಿ: ನೀವು ಮಾಡಿದ್ದರೆ ಆಗುತ್ತಿದ್ದದ್ದಕ್ಕಿಂತ ಒಂದು ಗುಲಗಂಜಿ ಕಡಿಮೆ ಇರುವ ಕೆಲಸ ನಿಮ್ಮ ಸ್ಟುಡಿಯೋ ಹೆಸರಲ್ಲಿ ಹೊರಗೆ ಹೋಗುತ್ತದೆ. ಅದನ್ನು ತಡೆದುಕೊಳ್ಳಲು ಆಗದವರು ತಂಡ ಕಟ್ಟಬಾರದು.

ಹಾಗಂತ ಕೈಬಿಡುವುದಲ್ಲ. ನಾನು ಶುರುವಿನಲ್ಲೇ ಜಾಸ್ತಿ ಹೊತ್ತು ಕೂರುತ್ತೇನೆ. ಯಾರು ನೋಡುತ್ತಾರೆ, ಎಲ್ಲಿಂದ ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ? ಬೇಕರಿ ಬೋರ್ಡು ಅಂದರೆ ಬಸ್ಸಿನಲ್ಲಿ ಕೂತವರು ನೋಡುವುದು. ಹತ್ತು ಅಡಿ ದೂರಕ್ಕೆ ಒಂದು ಇಂಚು ಅಕ್ಷರ ಅನ್ನುವುದು ಬೋರ್ಡಿನವರ ಹಳೆಯ ಲೆಕ್ಕ. ಅದು ಇಂಗ್ಲಿಷ್ ಅಕ್ಷರಕ್ಕೆ. ಕನ್ನಡದಲ್ಲಿ ಕೆಳಗೆ ಒತ್ತು, ಮೇಲೆ ಗುಡಿಸು ಎಲ್ಲ ಸೇರಿ ಅಷ್ಟೇ ಎತ್ತರದಲ್ಲಿ ತುಂಬಿಸಿದರೆ ಅಕ್ಷರ ಉಸಿರುಗಟ್ಟುತ್ತದೆ, ಸ್ವಲ್ಪ ದೊಡ್ಡದೇ ಬೇಕು. ಇಂಥದ್ದನ್ನು ಮೊದಲ ದಿನ ಹೇಳಿದರೆ ಕೊನೆಯ ರಾತ್ರಿ ತಿದ್ದುವುದು ಇರುವುದಿಲ್ಲ.

ಸಿಎಂವೈಕೆ ಹುಡುಗ

ಸುಮ್ನೆ ಓದಿಕೊಂಡು ಹೋಗುವವನು, ಇವತ್ತು ಬರೆಯುತ್ತಿದ್ದೇನೆ. ನಾನು ಮೇಡಂ ಹೇಳಿದ ಆ ಹುಡುಗನ ಜಾಗದಲ್ಲಿ ಮೂರು ವರ್ಷ ಇದ್ದೆ. ಬೇರೆ ಊರು, ಬೇರೆ ಸ್ಟುಡಿಯೋ.

ನಾನು ಬಿಟ್ಟದ್ದು ಸಂಬಳಕ್ಕಲ್ಲ. ಹೊಸ ಕಡೆ ಸಂಬಳ ಹೆಚ್ಚುಕಮ್ಮಿ ಅಷ್ಟೇ. ಮೂರು ವರ್ಷದಲ್ಲಿ ಒಬ್ಬ ಗಿರಾಕಿಯ ಮುಖವನ್ನೂ ನಾನು ನೋಡಿರಲಿಲ್ಲ. ಸರ್ ಹೋಗಿ ಬರುತ್ತಿದ್ದರು, "ಅವರಿಗೆ ಸ್ವಲ್ಪ ರಿಚ್ ಆಗಿ ಬೇಕಂತೆ" ಅನ್ನುತ್ತಿದ್ದರು. ರಿಚ್ ಅಂದರೆ ಏನು? ಚಿನ್ನದ ಬಣ್ಣವಾ? ಖಾಲಿ ಜಾಗವಾ? ಏಳು ಸಲ ಮಾಡುತ್ತಿದ್ದೆ. ಒಂದು ಸಲ ಗಿರಾಕಿ ಎದುರು ಐದು ನಿಮಿಷ ಕೂತಿದ್ದರೆ ಎರಡೇ ಸಲಕ್ಕೆ ಮುಗಿಯುತ್ತಿತ್ತು.

ಇನ್ನೊಂದು. ರಾತ್ರಿ ಗ್ರೂಪಿನಲ್ಲಿ ಗಿರಾಕಿ ಮೆಸೇಜ್ ಹಾಕುತ್ತಾರೆ. ಸರ್ ತಕ್ಷಣ "ಬೆಳಿಗ್ಗೆ ಹತ್ತಕ್ಕೆ ಕೊಡ್ತೀವಿ ಸರ್" ಅಂತ ಉತ್ತರ ಹಾಕುತ್ತಾರೆ. ಕೊಡುವವನು ನಾನು. ಮಾತು ಕೊಟ್ಟವರು ಅವರು. ನನ್ನನ್ನು ಒಂದು ಮಾತು ಕೇಳಿದ್ದರೆ ಬಹುಶಃ ನಾನೇ ಹೂಂ ಅನ್ನುತ್ತಿದ್ದೆ.

ಒಂಟಿ ಸಲಗ

ಉಡುಪಿ. ಒಬ್ಬನೇ. ಹನ್ನೊಂದು ವರ್ಷ. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಮಧ್ಯಾಹ್ನ ಮನೆ ಊಟ, ಎರಡು ಗಂಟೆ ನಿದ್ದೆ. ಇಷ್ಟೆಲ್ಲ ಓದಿ ಒಂದೇ ಪ್ರಶ್ನೆ: ಬೆಳೆಯಲೇಬೇಕಾ ಮಾರ್ರೆ? ಡಿಸೈನ್ ಮಾಡಲು ಬಂದವರು ಮೇಸ್ತ್ರಿ ಆಗಿ ಮುಗಿಯುತ್ತೀರಿ. ಅಕ್ಷರದ ನಡುವಿನ ಜಾಗ ನೋಡಿ ನಿದ್ದೆ ಬಾರದವರು ಅಕ್ಷರವನ್ನೇ ನೋಡಿಕೊಂಡಿರಬಹುದಲ್ಲ. ಕೆಲಸ ಜಾಸ್ತಿಯಾದರೆ ರೇಟ್ ಏರಿಸಿ, ಅರ್ಧ ಜನ ತಾವೇ ಹೋಗುತ್ತಾರೆ.

ಮೈಸೂರು ಸ್ಟುಡಿಯೋ

ಸಲಗ ಅವರೇ, ಎರಡು ಗಂಟೆ ನಿದ್ದೆಯ ಸಾಲು ಓದಿ ಹೊಟ್ಟೆಕಿಚ್ಚಾಯಿತು. ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ನಾನೂ ಕೇಳಿಕೊಂಡಿದ್ದೇನೆ.

ಹೋದ ವರ್ಷ ಅಮ್ಮನ ಜೊತೆ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದೆ. ಅಷ್ಟೂ ದಿನ ಸ್ಟುಡಿಯೋದಿಂದ ಒಂದು ಫೈಲೂ ಹೊರಗೆ ಹೋಗಲಿಲ್ಲ. ನಾಲ್ಕು ಜನ ಕೂತಿದ್ದರು, ಕೆಲಸ ಮುಗಿಸಿದ್ದರು, ನನ್ನ ಓಕೆಗೆ ಕಾಯುತ್ತಿದ್ದರು. ವಾರ್ಡಿನ ಹೊರಗೆ ನಿಂತು ಫೋನಿನಲ್ಲಿ ಝೂಮ್ ಮಾಡಿ ಮದುವೆ ಕಾರ್ಡ್ ನೋಡುತ್ತಿದ್ದೆ. ಬೆಳೆಯಬೇಕು ಅಂದರೆ ನನಗೆ ಇಪ್ಪತ್ತು ಜನ ಬೇಕು ಅಂತಲ್ಲ. ನಾನಿಲ್ಲದ ಹನ್ನೆರಡು ದಿನ ಅದು ನಡೆಯಬೇಕು, ಅಷ್ಟೇ.

ಸಿಎಂವೈಕೆ ಹುಡುಗ, ನೀವು ಬರೆದ ‘ರಿಚ್’ ನನ್ನ ಬಾಯಿಂದಲೂ ಬಂದಿದೆ. ಹೋದ ವಾರವೇ.

ಲೆಕ್ಕದ ಪುಸ್ತಕ

ಎಲ್ಲರೂ ಮೌಸು, ಮನಸ್ಸು ಅಂತ ಮಾತಾಡುತ್ತಿದ್ದೀರಿ. ಒಂದನೇ ತಾರೀಖು ಸಂಬಳ ಹಾಕಲು ಆಗದಿದ್ದರೆ ಯಾವ ರೂಢಿಯೂ ಉಪಯೋಗಕ್ಕಿಲ್ಲ. ನಾನು ಸಣ್ಣ ಸ್ಟುಡಿಯೋಗಳ ಲೆಕ್ಕ ಬರೆಯುವವನು. ನಾನು ನೋಡಿದ ಹಾಗೆ ಡಿಸೈನ್‌ನವರು ಮುಳುಗುವುದು ಕೆಲಸ ಇಲ್ಲದೆ ಅಲ್ಲ, ಮಾಡಿದ ಕೆಲಸದ ದುಡ್ಡು ಕೇಳಲು ನಾಚಿಕೆಪಟ್ಟು.

ಮೇಡಂ, ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು, ಮಾಡಿಸಿದ್ದೀರಾ? ಇಲ್ಲದಿದ್ದರೆ ಇವತ್ತೇ ಮಾಡಿಸಿ. ಆನ್‌ಲೈನ್, ಪುಕ್ಕಟೆ, ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು. ಯಾರಾದರೂ ದುಡ್ಡು ಕೇಳಿದರೆ ಅದು ಸರ್ಕಾರದ ಜಾಲತಾಣವಲ್ಲ. ನೋಂದಣಿ ನಂಬರನ್ನು ಬಿಲ್ ಮೇಲೆ ಹಾಕಿ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣವರ ಬಿಲ್ಲನ್ನು ಒಪ್ಪಂದದಲ್ಲಿ ಬರೆದ ದಿನದೊಳಗೆ ಕೊಡಬೇಕು, ಅದು 45 ದಿನ ಮೀರುವಂತಿಲ್ಲ. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ.

ಬಡ್ಡಿ ಯಾರು ವಸೂಲಿ ಮಾಡುತ್ತಾರೆ ಅನ್ನಬೇಡಿ. ಗಿರಾಕಿ ಎಷ್ಟೇ ದೊಡ್ಡವರಿರಲಿ, 2023–24ರ ಲೆಕ್ಕದಿಂದ ಒಂದು ಬದಲಾವಣೆ ಬಂದಿದೆ. ಸಣ್ಣ ಉದ್ಯಮಕ್ಕೆ ಕೊಡಬೇಕಾದ್ದನ್ನು ಆ ಅವಧಿಯೊಳಗೆ ಕೊಡದೆ ವರ್ಷ ದಾಟಿಸಿದರೆ, ಅದನ್ನು ಆ ವರ್ಷದ ಖರ್ಚು ಅಂತ ಆದಾಯ ತೆರಿಗೆಯಲ್ಲಿ ತೋರಿಸುವಂತಿಲ್ಲ, ನಿಜವಾಗಿ ಕೊಟ್ಟ ವರ್ಷವೇ ತೋರಿಸಬೇಕು. ಹಾಗಾಗಿ ಮಾರ್ಚ್ ಬಂತೆಂದರೆ ಅವರ ಆಡಿಟರೇ ನಿಮ್ಮ ಪರವಾಗಿ ಜಗಳ ಆಡುತ್ತಾರೆ. ಬಿಲ್ ಮೇಲೆ ಉದ್ಯಮ್ ನಂಬರ್ ಇದ್ದರೆ ಮಾತ್ರ ಅವರಿಗೆ ನೆನಪಾಗುವುದು.

ಇನ್ನು ರೂಢಿ ಕೇಳಿದಿರಲ್ಲ. ಶುಕ್ರವಾರ ಬೆಳಿಗ್ಗೆ ಒಂದು ಗಂಟೆ ಬಾಕಿ ಫೋನು. ಮಾಲೀಕರೇ ಮಾಡಬೇಕು, ಡಿಸೈನರ್ ಕೈಯಲ್ಲಿ ಮಾಡಿಸಬಾರದು. ಅರ್ಧ ಅಡ್ವಾನ್ಸ್ ಬರದೆ ಫೈಲ್ ತೆರೆಯಬಾರದು. ವರ್ಷದ ವಹಿವಾಟು 20 ಲಕ್ಷ ದಾಟಿ ಜಿಎಸ್‌ಟಿ ಹಾಕುತ್ತಿದ್ದರೆ, ಆ 18 ಪರ್ಸೆಂಟ್ ನಿಮ್ಮ ದುಡ್ಡಲ್ಲ. ಬಂದ ದಿನವೇ ಬೇರೆ ಖಾತೆಗೆ ತಳ್ಳಿ. ಅದರಲ್ಲಿ ಸಂಬಳ ಹಾಕಿ, ತೆರಿಗೆ ಕಟ್ಟುವ 20ನೇ ತಾರೀಖು ಒದ್ದಾಡಿದವರನ್ನು ತುಂಬ ನೋಡಿದ್ದೇನೆ. ಮದುವೆ ಕಾರ್ಡ್ ಮಾಡುವವರಿಗೆ ಆಷಾಢದಲ್ಲಿ, ಧನುರ್ಮಾಸದಲ್ಲಿ ಕೆಲಸ ಇರುವುದಿಲ್ಲ. ಇದೇನು ಆಕಾಶದಿಂದ ಬೀಳುವ ಸುದ್ದಿಯಾ? ಪಂಚಾಂಗದಲ್ಲಿ ಅಚ್ಚಾಗಿರುತ್ತದೆ. ಆದರೂ ಪ್ರತಿ ವರ್ಷ ಆಷಾಢದಲ್ಲಿ "ಈ ಸಲ ಡಲ್ ಸಾರ್" ಅಂತ ನನಗೆ ಫೋನ್ ಬರುತ್ತದೆ.

ಗಾಂಧಿಬಜಾರ್ ಬೋರ್ಡು

ಲೆಕ್ಕದವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ದುಡ್ಡು ಕೇಳುವುದಕ್ಕಿಂತ ಕಷ್ಟವಾದದ್ದು ದುಡ್ಡು ಬಿಡುವುದು.

2024ರ ಶುರುವಿನಲ್ಲಿ ಬೆಂಗಳೂರಿನಲ್ಲಿ ಬೋರ್ಡುಗಳಲ್ಲಿ ಕನ್ನಡ 60 ಪರ್ಸೆಂಟ್ ಇರಬೇಕು ಅಂತ ಫೆಬ್ರವರಿ 28ರ ಗಡುವು ಬಂತು, ನೆನಪಿದೆಯಾ? ಆವತ್ತಿನವರೆಗೆ ನಮ್ಮ ಕಡೆ ತಿರುಗಿಯೂ ನೋಡದ ಅಂಗಡಿಗಳೆಲ್ಲ ಕ್ಯೂ ನಿಂತವು. ಕನ್ನಡದವನಾಗಿ ಖುಷಿಯೋ ಖುಷಿ. ಒಂದಕ್ಕೂ ಬೇಡ ಅನ್ನಲಿಲ್ಲ. ಮೂರು ವಾರದಲ್ಲಿ ಅರುವತ್ತಕ್ಕೂ ಹೆಚ್ಚು ಬೋರ್ಡು ಒಪ್ಪಿಕೊಂಡೆ. ಆಗ ಏಳು ಜನ ಇದ್ದೆವು.

ಹೊರಗಿನಿಂದ ಇಬ್ಬರನ್ನು ತಂದೆ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅವರ ಸಾಫ್ಟ್‌ವೇರಿನಲ್ಲಿ ಭಾರತೀಯ ಲಿಪಿಗಳ ಆಯ್ಕೆ ಆನ್ ಆಗಿರಲಿಲ್ಲ. ಹಾಗಾದಾಗ ಒತ್ತು ಕೆಳಗೆ ಕೂರುವುದಿಲ್ಲ, ‘ವಸ್ತ್ರ’ ಹೋಗಿ ಅಕ್ಷರ ಬಿಡಿಬಿಡಿಯಾಗಿ ‘ವಸ್‌ತ್‌ರ’ ಅಂತ ನಿಲ್ಲುತ್ತದೆ. ಓದಲು ಬರುವವರು ನಕ್ಕು ತಿದ್ದುತ್ತಾರೆ. ಬಾರದವರಿಗೆ ಅದೂ ಒಂದು ಚಿತ್ರ. ಎಂಟು ಅಡಿ ಬೋರ್ಡು ಹಾಗೆಯೇ ಹೋಗಿ ಗೋಡೆಗೆ ಏರಿತು. ಕನ್ನಡಕ್ಕಾಗಿ ಬದಲಾಯಿಸಿದ ಬೋರ್ಡಿನಲ್ಲಿ ಕನ್ನಡವೇ ತಪ್ಪು! ಆ ಬೀದಿಯಲ್ಲಿ ನಾನು ಈಗಲೂ ತಲೆ ತಗ್ಗಿಸಿಕೊಂಡು ಹೋಗುತ್ತೇನೆ. ಅಷ್ಟೇ ಅಲ್ಲ, ಹಳೆಯ ಮೂರು ಗಿರಾಕಿಗಳ ಕೆಲಸ ಆ ತಿಂಗಳು ತಡವಾಯಿತು. ಒಬ್ಬರು ವಾಪಸ್ ಬರಲೇ ಇಲ್ಲ.

ಆಮೇಲೆ ಒಂದು ಪದ್ಧತಿ. ಗೋಡೆ ಮೇಲೆ ಬಿಳಿ ಹಲಗೆ, ಪ್ರತಿಯೊಬ್ಬರ ಹೆಸರಿನ ಎದುರು ಆ ವಾರದ ಕೆಲಸ. ಜಾಗ ಖಾಲಿ ಇದ್ದರೆ ಮಾತ್ರ ನಾನು ಹೊಸದಕ್ಕೆ ಹೂಂ ಅನ್ನಬಹುದು. ದಿನಾಂಕ ಹೇಳುವುದು ಕೆಲಸ ಮಾಡುವವರು. ಗಿರಾಕಿ ಫೋನಿನಲ್ಲಿದ್ದಾಗಲೇ ನಾನು ಹಲಗೆ ಕಡೆ ತಿರುಗಿ ಕೇಳುತ್ತೇನೆ. ಮೊದಲು ಇದು ನನಗೆ ಅವಮಾನ ಅನ್ನಿಸುತ್ತಿತ್ತು, ನಾನೇ ಮಾಲೀಕ ಅಲ್ವಾ ಅಂತ.

ಒಂಟಿ ಸಲಗ

ನಮ್ಮಲ್ಲಿ ಹಲಗೆ ಬೇಡ, ನನ್ನ ಹೆಸರು ಒಂದೇ. 😀 ಆದರೆ ಆಸ್ಪತ್ರೆಯ ಮಾತು ತಲೆಯಲ್ಲಿ ಕೂತಿತು ಮೇಡಂ. ನನಗೂ ಅಮ್ಮ ಇದ್ದಾರೆ.

ಹಳೇ ಅಚ್ಚುಮೊಳೆ

ತಂಗಿ, ಆ ಹುಡುಗ ಇನ್ನೂ ಇದ್ದಾನೋ, ಹೋದನೋ? ಅದನ್ನು ಹೇಳಲೇ ಇಲ್ಲ ನೀವು.

ಮೈಸೂರು ಸ್ಟುಡಿಯೋ

ಇದ್ದಾನೆ ಅಣ್ಣ. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ.

ಉದ್ಯಮ್ ನೋಂದಣಿ ಅದೇ ದಿನ ಆಯಿತು. ಶುಕ್ರವಾರದ ಫೋನು ಎರಡು ಸಲ ಮಾಡಿದೆ, ಒಂದು ಸಲ ತಪ್ಪಿಸಿಕೊಂಡೆ. ಫೋನ್ ಮಾಡಿದ ಎರಡು ಸಲವೂ ದುಡ್ಡು ಬಂತು, ಅದೇ ನಾಚಿಕೆ. ಸಹಿ ಹಾಕಿದ ಪ್ರೂಫ್ ನೇತುಹಾಕಲು ಗೋಡೆಗೆ ನಿಜವಾಗಿಯೂ ಒಂದು ಮೊಳೆ ಹೊಡೆಸಿದೆ. ಎಲ್ಲರೂ ನಕ್ಕರು. ಈಗ ಅದರಲ್ಲಿ ಒಂಬತ್ತು ಕಾಗದ ನೇತಾಡುತ್ತಿವೆ.

ಉಪ್ಪಿನಕಾಯಿಯವರು ನಿಂಬೆ ಮತ್ತು ಮಿಡಿಗೂ ಲೇಬಲ್ ಬೇಕು ಅಂದರು. ಹುಡುಗನನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಬೈಕಿನಲ್ಲಿ ಹೋಗುವಾಗಲೇ ಹೇಳಿಬಿಟ್ಟೆ, "ಇವತ್ತು ನೀನು ಮಾತಾಡು, ನಾನು ಡ್ರೈವರ್" ಅಂತ. ಅವನು ನಂಬಲಿಲ್ಲ. ನನಗೂ ನಂಬಿಕೆ ಇರಲಿಲ್ಲ.

ಆ ಅಮ್ಮ ಅಡುಗೆಮನೆಯ ಕಟ್ಟೆ ಮೇಲೆ ನಮ್ಮ ಹೊಸ ಲೇಬಲ್ ಅಂಟಿಸಿದ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ಹುಡುಗ ಏನೂ ಕೇಳದೆ ಒಂದು ಬಾಟಲಿ ಎತ್ತಿದ. ಅಂಗೈಗೆ ಎಣ್ಣೆ ಹತ್ತಿತು. ಮುಚ್ಚಳದಿಂದ ಎಣ್ಣೆ ಇಳಿದು ಲೇಬಲ್ಲಿನ ಕೆಳತುದಿ ಪೂರ್ತಿ ಕಪ್ಪಾಗಿತ್ತು. ಸರಿಯಾಗಿ ಅದೇ ಜಾಗದಲ್ಲಿ ನಾವು ತೂಕ, ಬೆಲೆ, ತಾರೀಖು ಹಾಕಿದ್ದೆವು. ಅವನು ಬೆರಳಿನಿಂದ ಒರೆಸಿ ನೋಡಿದ, ತಾರೀಖಿನ ಜಾಗ ಮಸುಕಾಯಿತು. "ಅಮ್ಮಾ, ಇದನ್ನೆಲ್ಲ ಮೇಲಕ್ಕೆ ತಗೊಂಡು, ಕೆಳಗೆ ಬರೀ ಬಣ್ಣ ಬಿಡ್ತೀನಿ. ಲ್ಯಾಮಿನೇಷನ್ ಮಾಡಿಸಿದರೆ ಬಟ್ಟೇಲಿ ಒರೆಸಬಹುದು" ಅಂದ. ಆರು ವರ್ಷದಲ್ಲಿ ಎಷ್ಟು ಉಪ್ಪಿನಕಾಯಿ ಲೇಬಲ್ ಮಾಡಿದ್ದೇನೆ, ನಾನು ಒಂದು ಬಾಟಲಿಯನ್ನೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಅಕ್ಷರದ ಜಾಗ ನೋಡುತ್ತಿದ್ದೆ.

ಇಪ್ಪತ್ತು ನಿಮಿಷ ಬಾಯಿ ಬಿಡಲಿಲ್ಲ ನಾನು. ಮಜ್ಜಿಗೆ ಕುಡಿದೆ, ಎರಡು ಲೋಟ. ದಿನಾಂಕವನ್ನೂ ಅವನೇ ಹೇಳಿದ. ನಾನಾಗಿದ್ದರೆ ಎರಡು ದಿನ ಮೊದಲೇ ಕೊಡುತ್ತೇನೆ ಅನ್ನುತ್ತಿದ್ದೆ.

ಚಟ ಪೂರ್ತಿ ಹೋಗಿಲ್ಲ. ಮೊನ್ನೆ ರಾತ್ರಿ ನಿಂಬೆ ಲೇಬಲ್ ನೋಡಬೇಕು ಅನ್ನಿಸಿತು, ಬರೀ ನೋಡಬೇಕು ಅಂತ. ಲ್ಯಾಪ್‌ಟಾಪ್ ತೆರೆದೆ. ಪ್ರೆಸ್‌ಗೆ ಹೋಗುವ ಫೋಲ್ಡರಿಗೆ ಹುಡುಗ ಪಾಸ್‌ವರ್ಡ್ ಹಾಕಿದ್ದ. ಬೆಳಿಗ್ಗೆ ಕೇಳಿದೆ. "ಸಹಿ ಆಗಿದೆ ಮೇಡಂ" ಅಂತ ಗೋಡೆಯ ಮೊಳೆ ತೋರಿಸಿದ. ಪಾಸ್‌ವರ್ಡ್ ಮಾತ್ರ ಇನ್ನೂ ಹೇಳಿಲ್ಲ.